ಕಿತ್ತಿಕೋ-ಹಚ್ಚಿಕೋ ಮತ್ತು ಇಂಗಾಲದ ಲೆಕ್ಕ

2015ರಲ್ಲಿ, ಪ್ಯಾರಿಸ್ ಹವಾಮಾನ ಸಮ್ಮೇಳನಕ್ಕೆ ಮುಂಚೆ, ಭಾರತ ಜಗತ್ತಿಗೆ ಒಂದು ಮಾತು ಕೊಟ್ಟಿತು. 2030ರ ಹೊತ್ತಿಗೆ ಕಾಡನ್ನೂ ಮರಗಳನ್ನೂ ಹೆಚ್ಚಿಸಿ, 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟನ್ನು ಹೆಚ್ಚುವರಿಯಾಗಿ ಹೀರಿ ಇಟ್ಟುಕೊಳ್ಳುತ್ತೇವೆ ಎಂಬ ಮಾತು. ಪುಣೆಯಲ್ಲಿ ಕೂತು ಆ ಸಂಖ್ಯೆ ಓದಿದಾಗ ನನಗೆ ನೆನಪಾದದ್ದು ಪ್ಯಾರಿಸ್ ಅಲ್ಲ, ಆಗಿನ ಧಾರವಾಡ ಜಿಲ್ಲೆಯ ಕುಸನೂರು. ಇಷ್ಟು ಮರ ಬೆಳೆಸಲು ಜಾಗ ಎಲ್ಲಿಯದು? ಸರಕಾರದ ಖಾಲಿ ಜಾಗ ಎನ್ನುತ್ತಾರೆ. ಆ ‘ಖಾಲಿ’ಗೆ ನಮ್ಮ ಕಡೆ ಒಂದು ಚರಿತ್ರೆ ಇದೆ.

1984ರ ನವೆಂಬರಿನಲ್ಲಿ ಕರ್ನಾಟಕ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಕಟ್ಟಿದವು. ಸರಕಾರದ ಪಾಲು ನೂರಕ್ಕೆ 51, ಕಂಪನಿಯದು 49. ಹರಿಹರದ ಕಾರ್ಖಾನೆಗೆ ರೇಯಾನಿನ ತಿರುಳು ಬೇಕಿತ್ತು, ತಿರುಳಿಗೆ ನೀಲಗಿರಿ ಬೇಕಿತ್ತು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 75,000 ಎಕರೆ ಗೊತ್ತುಮಾಡಿದರು. ಕಾಗದದಲ್ಲಿ ಅದು ‘ಸಿ ಮತ್ತು ಡಿ ದರ್ಜೆ’ಯ ಸರಕಾರಿ ಭೂಮಿ, ಅಂದರೆ ಹಾಳುಬಿದ್ದ ಕಾಡು. ಆದರೆ ದನ ಮೇಯುವುದು ಅಲ್ಲೇ. ಒಲೆಗೆ ಕಟ್ಟಿಗೆ, ನೇಗಿಲಿಗೆ ಮರ, ಹೊಲಕ್ಕೆ ಸೊಪ್ಪು ಬರುವುದೂ ಅಲ್ಲಿಂದಲೇ. ಹೊಲವಿಲ್ಲದವನಿಗಂತೂ ಆ ಗುಡ್ಡವೇ ಹೊಲ. ಒಪ್ಪಂದಕ್ಕೆ ಸಹಿ ಬೀಳುವಾಗ ಊರವರನ್ನು ಯಾರೂ ಕೇಳಲಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಊರೂರು ತಿರುಗಿ ಜನರನ್ನು ಕೂಡಿಸಿತು. ಎಸ್.ಆರ್. ಹಿರೇಮಠರು ಮುಂದೆ ನಿಂತರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದದ್ದು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. ನೀಲಗಿರಿ ಸಸಿ ಕೀಳುವುದು, ಆ ಜಾಗದಲ್ಲಿ ಊರಿಗೆ ಉಪಯೋಗದ ಗಿಡ ಹಚ್ಚುವುದು. (ನಮ್ಮ ಕಡೆ ಗಿಡ ನೆಡುವುದಿಲ್ಲ, ಹಚ್ಚುತ್ತಾರೆ. ದೀಪವನ್ನೂ ಹಚ್ಚುತ್ತಾರೆ.) ಬರೀ ‘ಕಿತ್ತಿಕೋ’ ಎಂದಿದ್ದರೆ ಅದು ಸಿಟ್ಟಿನ ಚಳವಳಿಯಾಗಿ ಮುಗಿಯುತ್ತಿತ್ತು. ‘ಹಚ್ಚಿಕೋ’ ಸೇರಿದ್ದರಿಂದ ಈ ಜಾಗವನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಹೇಳಿದಂತಾಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಿದರು.

ಆಗ ಇಂಗಾಲದ ಮಾತನ್ನು ಯಾರೂ ಎತ್ತಿರಲಿಲ್ಲ. ಈಗ ಎತ್ತಿ ನೋಡಬಹುದು. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. ನೀಲಗಿರಿ ಬೇಗ ಬೆಳೆಯುತ್ತದೆ, ಬೇಗ ಹೀರುತ್ತದೆ, ಇದು ಸುಳ್ಳಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಅದನ್ನು ಕಡಿದು ತಿರುಳು ಮಾಡುತ್ತಾರೆ. ತಿರುಳು ನೂಲಾಗುತ್ತದೆ, ನೂಲು ಬಟ್ಟೆಯಾಗುತ್ತದೆ, ಬಟ್ಟೆ ಹರಿದು ಕಸಕ್ಕೆ ಸೇರುತ್ತದೆ. ಹೀರಿದ್ದರಲ್ಲಿ ಬಹುಪಾಲು ಮತ್ತೆ ಗಾಳಿಗೆ. ಹಳೆಯ ಮಿಶ್ರ ಕಾಡಿನ ಕಾಂಡ, ಬೇರು, ಮಣ್ಣುಗಳಲ್ಲಿ ಇರುವುದು ಹಾಗಲ್ಲ, ಅದು ತಲೆಮಾರುಗಟ್ಟಲೆ ಕೂತಿರುತ್ತದೆ. ಹುಲ್ಲುಗಾವಲಂತೂ ತನ್ನ ಗಂಟನ್ನು ಬಹುಪಾಲು ನೆಲದೊಳಗೇ ಬಚ್ಚಿಡುತ್ತದೆ. ಅಲ್ಲಿ ಗುಂಡಿ ತೋಡಿ ಸಸಿ ಹಾಕಿದರೆ ಲಾಭವೇ ಆಗುತ್ತದೆಂಬ ಖಾತರಿಯಿಲ್ಲ.

ಸರಕಾರದ ಅಳತೆಗೋಲು ಈ ವ್ಯತ್ಯಾಸ ಹಿಡಿಯುವುದಿಲ್ಲ. ಭಾರತೀಯ ಅರಣ್ಯ ಸಮೀಕ್ಷೆಯ ಪ್ರಕಾರ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ನೂರಕ್ಕೆ ಹತ್ತು ಭಾಗ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು, ಒಡೆಯ ಯಾರು ಎಂಬ ಪ್ರಶ್ನೆಯಿಲ್ಲ. ತೆಂಗಿನ ತೋಟವೂ ನೀಲಗಿರಿಯ ಸಾಲೂ ದೇವರಕಾಡೂ ಅಲ್ಲಿ ಒಂದೇ. ಇಲ್ಲಿ ಪುಣೆಯ ಟೇಕಡಿಗಳ ಮೇಲೆ ಒತ್ತೊತ್ತಾಗಿ ನಿಂತ ಗ್ಲಿರಿಸಿಡಿಯಾವನ್ನು ಉಪಗ್ರಹದಿಂದ ನೋಡಿದವರಿಗೆ ಕಾಡೇ ಕಾಣುತ್ತದೆ. ಬುಡದಲ್ಲಿ ನಡೆದಾಡುವ ನನಗೆ ಕಾಣುವುದು ಒಂದೇ ಜಾತಿಯ ಗಿಡ.

2023ರಲ್ಲಿ ‘ಗ್ರೀನ್ ಕ್ರೆಡಿಟ್’ ನಿಯಮ ಬಂತು. ಮರುವರ್ಷ ಫೆಬ್ರವರಿಯಲ್ಲಿ ಅದರ ವಿಧಾನ ಹೊರಬಿತ್ತು: ಅರಣ್ಯ ಇಲಾಖೆಯ ಹಾಳುಬಿದ್ದ ಜಾಗದಲ್ಲಿ ಯಾರಾದರೂ ಹಣ ಹಾಕಿ ಗಿಡ ಬೆಳೆಸಬಹುದು, ಹೆಕ್ಟೇರಿಗೆ ಕನಿಷ್ಠ 1100, ಗಿಡಕ್ಕೊಂದು ಕ್ರೆಡಿಟ್. ಯಾವ ಜಾಗ ಹಾಳುಬಿದ್ದದ್ದು ಎಂಬ ಪಟ್ಟಿಯಲ್ಲಿ ಕುರುಚಲು ಕಾಡು, ಬಂಜರು, ಬಯಲು ಕಾಡು ಎಲ್ಲವೂ ಇದ್ದವು. ಓದುತ್ತ ಹೋದಂತೆ ‘ಸಿ ಮತ್ತು ಡಿ ದರ್ಜೆ’ ಎಂಬ ಹಳೆಯ ಕಾಗದವನ್ನೇ ಮತ್ತೆ ಬಿಚ್ಚಿದಂತಾಯಿತು. ಆ ಕುರುಚಲಿನಲ್ಲಿ ಇವತ್ತು ಯಾರ ಕುರಿ ಮೇಯುತ್ತಿವೆ ಎಂದು ಬರೆಯಲು ಪಟ್ಟಿಯಲ್ಲಿ ಒಂದು ಕಾಲಮ್ಮೂ ಇರಲಿಲ್ಲ.