ಹವ್ಯಾಸಿ ಆಪೆರಾ ಸಂಘ

ಸಂಭಾವನೆ ಪಡೆಯದ ಗಾಯಕ-ನಟರು ಆಪೆರಾಗಳನ್ನು, ಹೆಚ್ಚಾಗಿ ಹಾಸ್ಯ ಆಪೆರಾಗಳನ್ನು, ರಂಗಕ್ಕೆ ತರಲು ಕಟ್ಟಿಕೊಳ್ಳುವ ಸ್ಥಳೀಯ ಸಂಸ್ಥೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಹರಡಿತು. 1899ರಲ್ಲಿ ಇಂಥ ಸಂಘಗಳ ರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಡಬ್ಲ್ಯು. ಎಸ್. ಗಿಲ್ಬರ್ಟ್ (1836-1911) ಸಾಹಿತ್ಯಕ್ಕೆ ಆರ್ಥರ್ ಸಲಿವನ್ (1842-1900) ಸಂಗೀತ ಹೊಂದಿಸಿದ ಕೃತಿಗಳೇ ಇವುಗಳ ಮುಖ್ಯ ಬಂಡವಾಳ: ಎಚ್‌ಎಂಎಸ್ ಪಿನಾಫೋರ್ (1878), ದಿ ಪೈರೇಟ್ಸ್ ಆಫ್ ಪೆನ್‌ಜಾನ್ಸ್ (1879), ದಿ ಮಿಕಾಡೊ (1885). ನಾವಿಕರು, ಕಡಲುಗಳ್ಳರು, ಪೊಲೀಸರೆಂದು ಊರಿನ ಹತ್ತಾರು ಮಂದಿಯನ್ನು ಒಟ್ಟಿಗೆ ರಂಗಕ್ಕೇರಿಸುವ ಮೇಳಗಾನ, ಹಾಡುಗಳ ನಡುವಣ ಆಡುಮಾತು ಈ ಕೃತಿಗಳನ್ನು ಹವ್ಯಾಸಿಗಳಿಗೆ ಒಗ್ಗಿಸಿದವು. ಉಸಿರುಬಿಡದೆ ಹಾಡಬೇಕಾದ ಚುರುಕು ಹಾಡುಗಳು ಮಾತ್ರ ನುರಿತವರಿಗೂ ಕಠಿಣ. ಮಿಕಾಡೊದಲ್ಲಿ ಮರಣದಂಡನೆ ಜಾರಿಗೊಳಿಸುವ ಅಧಿಕಾರಿ ಕೋಕೋ, ಇಲ್ಲವಾದರೂ ನಷ್ಟವಿಲ್ಲದವರ ಪಟ್ಟಿಯನ್ನು ಹಾಡುವಾಗ ಅಂದಿನ ರಾಜಕಾರಣಿಗಳನ್ನೂ ಸೇರಿಸುವುದು ವಾಡಿಕೆ. ಬ್ರಿಟನ್ನಿನಲ್ಲಿ ಗಿಲ್ಬರ್ಟ್ ಸಾಹಿತ್ಯದ ಕೃತಿಸ್ವಾಮ್ಯ 1961ರ ಕೊನೆಗೆ ಮುಗಿಯುವವರೆಗೆ ಪ್ರಯೋಗಕ್ಕೆ ಹಕ್ಕು ಹೊಂದಿದ್ದ ಡಾಯ್ಲಿ ಕಾರ್ಟ್ ಸಂಸ್ಥೆಯ ಪರವಾನಗಿ ಬೇಕಿತ್ತು. ವೇಷ, ರಂಗಚಲನೆಗಳಲ್ಲೂ ಅದರ ರೂಢಿಯೇ ಮಾದರಿಯಾಗಿತ್ತು. ಅನಂತರ ಸ್ವತಂತ್ರ ಪ್ರಯೋಗಗಳು ಹೆಚ್ಚಿದವು. ಜಪಾನೀಯರ ಅಣಕವೆಂಬ ಆಕ್ಷೇಪದಿಂದ ಈಚೆಗೆ ಕೆಲವು ತಂಡಗಳು ಮಿಕಾಡೊದ ಕಥಾಸ್ಥಳವನ್ನೇ ಬದಲಿಸಿವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1901ರಲ್ಲಿ ಆರಂಭವಾದ ಸವಾಯ್ ಕಂಪನಿ ಹಳೆಯ ಸಂಘಗಳಲ್ಲೊಂದು. ಇಂಗ್ಲೆಂಡಿನ ಬಕ್ಸ್‌ಟನ್‌ನಲ್ಲಿ 1994ರಲ್ಲಿ ತೊಡಗಿದ ಅಂತರರಾಷ್ಟ್ರೀಯ ಗಿಲ್ಬರ್ಟ್-ಸಲಿವನ್ ಉತ್ಸವದಲ್ಲಿ ಹವ್ಯಾಸಿ ತಂಡಗಳು ವೃತ್ತಿಪರರ ಜೊತೆಗೇ ಪ್ರದರ್ಶನ ನೀಡುತ್ತವೆ.