ಹೊರಗಿನ ಫಲಕ, ಒಳಗಿನ ಅಕ್ಷರ

ನಮ್ಮ ಮನೆಗೆ ಗಣಕಯಂತ್ರ ಬಂದದ್ದು 2002ರಲ್ಲಿ, ದಸರೆಯ ಮರುವಾರ. ಬೀದರಿನ ನಮ್ಮ ಓಣಿಯಲ್ಲಿ ಅದು ಎರಡನೆಯದೋ ಮೂರನೆಯದೋ. ಕುಂಕುಮ ಹಚ್ಚಿ, ಕಾಯಿ ಒಡೆದು, ಮೇಲೊಂದು ಕಸೂತಿ ಬಟ್ಟೆ ಹೊದಿಸಿದ್ದೂ ಆಯಿತು. ಗುಂಡಿ ಒತ್ತಿದ ಮೇಲೆ ಅದು ಗುರುಗುಟ್ಟುತ್ತ, ಮಿಣುಕುತ್ತ ಪೂರ್ತಿ ಎಚ್ಚರಾಗಲು ಹಿಡಿಯುತ್ತಿದ್ದ ಹೊತ್ತು ನೋಡಿ ನಮ್ಮ ಅತ್ತೆ, "ಯಾನವ್ವಾ ಇದು, ನಿನ್ನ ಮಗನಕಿಂತ ಮೆಲ್ಲಕ ಏಳ್ತದಲ್ಲ!" ಎಂದು ನಗುತ್ತಿದ್ದರು.

ಮಗನ ಓದಿಗೆ ಎಂಬುದು ಹೆಸರಿಗೆ ಮಾತ್ರ. ನನ್ನ ಆಸೆ ಬೇರೆಯೇ ಇತ್ತು. ಅತ್ತೆ ಹುಟ್ಟಿ ಬೆಳೆದದ್ದು ಔರಾದದಲ್ಲಿ, ನಿಜಾಮರ ಕಾಲದಲ್ಲಿ. ಸಂಜೆ ಸೊಪ್ಪು ಸೋಸುತ್ತ ಅವರು ಹೇಳುತ್ತಿದ್ದ ಸಂಗತಿಗಳು ಯಾವ ಪಾಠಪುಸ್ತಕದಲ್ಲೂ ಇರಲಿಲ್ಲ. ಅವನ್ನು ಒಂದು ಕಡೆ ಬರೆದಿಡಬೇಕು, ಅದೂ ಅಚ್ಚಿನಂಥ ಅಕ್ಷರದಲ್ಲಿ, ಅನ್ನಿಸಿತ್ತು.

ಅಷ್ಟು ಹೊತ್ತಿಗೆ ಗಣಕದಲ್ಲಿ ಕನ್ನಡ ಬರೆಯುವುದು ಮನೆಯವರ ಕೈಗೂ ಎಟುಕುವಂತಾಗಿತ್ತು. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟಿದ್ದರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರಕಾರಿ ಕಚೇರಿಗಳಲ್ಲಿ ನೆಲೆಯಾಗುತ್ತಿತ್ತು. ಇಂಥ ತಂತ್ರಾಂಶ ತೆರೆಯ ಹಿಂದೆ ಸದ್ದಿಲ್ಲದೆ ಕುಳಿತಿದ್ದು, ನಾವು ಒತ್ತಿದ ಇಂಗ್ಲಿಷ್ ಕೀಲಿಯನ್ನು ಹಿಡಿದು ಕನ್ನಡದ ಅಕ್ಷರವನ್ನಾಗಿ ಕೊಡುತ್ತದೆ. ಅದು ಎದ್ದಿರದಿದ್ದರೆ ಕನ್ನಡವೂ ಇಲ್ಲ.

ನೀವೇ ಯೋಚಿಸಿ, ಬೆಳಗ್ಗೆ ಎದ್ದ ಹೆಣ್ಣುಮಗಳಿಗೆ ಯಾರಾದರೂ ಕೆಲಸದ ಪಟ್ಟಿ ಕೊಡುತ್ತಾರೆಯೇ? ಒಲೆ, ನೀರು, ಹಾಲು, ಅಂಗಳ ಎಲ್ಲ ತಾನಾಗಿ ಸಾಲುಗಟ್ಟುತ್ತವೆ. ಗಣಕಕ್ಕೆ ಮಾತ್ರ ಪಟ್ಟಿ ಬೇಕು. 1981ರಲ್ಲಿ ಬಂದ ಡಾಸ್‌ನ ಕಾಲದಲ್ಲಿ ಆಟೋಎಕ್ಸೆಕ್ ಎಂಬ ಒಂದು ಸಣ್ಣ ಕಡತದಲ್ಲಿ ಆ ಪಟ್ಟಿ ಇರುತ್ತಿತ್ತು. ಸಾಲಿಗೊಂದು ಅಪ್ಪಣೆ, ಅಷ್ಟೇ. ವಿಂಡೋಸ್ 95ರ ಹೊತ್ತಿಗೆ ಸ್ಟಾರ್ಟ್‌ಅಪ್ ಎಂಬ ಕೋಶವೂ ಇತ್ತು, ಕಣ್ಣಿಗೆ ಬೀಳದ ಇನ್ನೂ ಕೆಲವು ಮೂಲೆಗಳೂ ಇದ್ದವು. ಹೊಸದಾಗಿ ಹಾಕಿದ ಪ್ರತಿಯೊಂದು ತಂತ್ರಾಂಶವೂ ಕೇಳದೆಯೇ ಅಲ್ಲಿ ತನ್ನ ಹೆಸರು ಬರೆಸಿಕೊಳ್ಳುತ್ತಿತ್ತು. ಮದುವೆ ಮನೆಗೆ ಬಂದ ನೆಂಟರಂತೆ ಎಲ್ಲರೂ ಒಟ್ಟಿಗೇ ಎದ್ದು ಬಚ್ಚಲಿಗೆ ನಿಂತರೆ ತಡವಾಗದೆ ಇನ್ನೇನಾದೀತು? ವಿಂಡೋಸ್ 98ರಿಂದ ಎಂಎಸ್‌ಕಾನ್ಫಿಗ್ ಎಂದು ಬರೆದರೆ ಈ ಹೆಸರುಗಳೆಲ್ಲ ಒಂದೇ ಕಡೆ ಕಾಣಿಸತೊಡಗಿದವು, ಪ್ರತಿಯೊಂದರ ಮುಂದೆ ಒಂದು ಚೌಕದೊಂದಿಗೆ. ಚೌಕದ ಗುರುತು ತೆಗೆದರೆ ಆ ಅತಿಥಿ ಬೆಳಗ್ಗೆ ಏಳುವುದಿಲ್ಲ. 2012ರ ವಿಂಡೋಸ್ 8ರಿಂದ ಈ ಪಟ್ಟಿ ಟಾಸ್ಕ್ ಮ್ಯಾನೇಜರಿಗೆ ಮನೆ ಬದಲಿಸಿದೆ.

ಮರುವರ್ಷದ ದೀಪಾವಳಿಗೆ ಮನೆಯೆಲ್ಲ ಸ್ವಚ್ಛ ಮಾಡಿದ ಹುರುಪಿನಲ್ಲಿ ನಾನು ಆ ಪಟ್ಟಿಗೂ ಪೊರಕೆ ಹಾಕಿದೆ. ಹೆಸರು ತಿಳಿಯದವನ್ನೆಲ್ಲ ತೆಗೆದೆ. ಗಣಕ ಮರುದಿನ ಚಟಕ್ಕನೆ ಎದ್ದಿತು, ಆದರೆ ಕನ್ನಡ ಹೋಗಿತ್ತು. ಯಾವ ಕೀಲಿ ಒತ್ತಿದರೂ ಇಂಗ್ಲಿಷ್.

ಪೇಟೆಯಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ ಭಾಲ್ಕಿಯ ಹುಡುಗನನ್ನು ಕರೆಸಿದೆ. "ಎಲ್ಲಾ ಒಮ್ಮೆಲೆ ತೆಗೀಬ್ಯಾಡ್ರಿ ಅಕ್ಕಾ. ಮೊದಲು ಹೆಸರೆಲ್ಲಾ ಹಾಳ್ಯಾಗ ಬರಕೊಳ್ರಿ. ಅರ್ಧಾ ತೆಗೀರಿ, ಮತ್ತ ಚಾಲೂ ಮಾಡಿ ನೋಡ್ರಿ. ದೋಷ ಯಾವ ಅರ್ಧದಾಗ ಅದ ಗೊತ್ತಾಗ್ತದ. ಅದರಾಗ ಮತ್ತ ಅರ್ಧಾ," ಎಂದ. ಹತ್ತಾರು ಹೆಸರಿದ್ದರೂ ನಾಲ್ಕಾರು ಸಲದಲ್ಲಿ ತಪ್ಪಿತಸ್ಥ ಸಿಗುತ್ತದೆ. ಇಂದಿಗೂ ನಾನು ಬಿಡದ ಪಾಠ ಅದು.

ಭಾಲ್ಕಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಅತ್ತೆ ಹೊರಗೆ ಬಂದರು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಮಾತು ತೆಗೆದರು. 1999ರಲ್ಲಿ ಲಿಂಗೈಕ್ಯರಾದ ಈ ಹಿರಿಯರ ಬಗ್ಗೆ ನಮ್ಮ ಸೀಮೆಯ ಮನೆಮನೆಯಲ್ಲೂ ಹೇಳುವ ಮಾತೊಂದಿದೆ. ನಿಜಾಮರ ಕಾಲದಲ್ಲಿ ಆಡಳಿತ, ಕೋರ್ಟು, ಮೇಲಿನ ಓದು ಎಲ್ಲ ಉರ್ದುವಿನಲ್ಲಿದ್ದಾಗ ಅವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು. ಅಂದು ರಾತ್ರಿ ಊಟವಾದ ಮೇಲೂ ಅತ್ತೆಯ ಮಾತು ನಿಲ್ಲಲಿಲ್ಲ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಹನ್ನೊಂದು ಪುಟ ಆಗಿತ್ತು. ಕರೆಂಟು ಹೋಯಿತು.

ಬೆಳಗ್ಗೆ ಗಣಕ ಹಾಕಿದರೆ ಪರದೆಯ ಬದಿಯಲ್ಲಿ ಅದೇ ಕಡತದ ಇನ್ನೊಂದು ಹೆಸರು. ಎರಡೆರಡು ಯಾಕೆ ಎಂದುಕೊಂಡು ಬೇಡ ಎಂದು ಒತ್ತಿಬಿಟ್ಟೆ. ಉಳಿದದ್ದು ಒಂದೂವರೆ ಪುಟ, ನಾನು ಕೈಯಾರೆ ಉಳಿಸಿದ್ದಷ್ಟೇ. ಬರೆಯುವ ತಂತ್ರಾಂಶ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ತೆಗೆದಿಟ್ಟುಕೊಳ್ಳುವ ಪ್ರತಿ ಆಪತ್ತಿಗೆ ಮಾತ್ರ. ಮತ್ತೆ ಚಾಲೂ ಆದಾಗ ಒಮ್ಮೆ ತೋರಿಸಿ ಕೇಳುತ್ತದೆ, ಬೇಡ ಎಂದರೆ ಎಸೆಯುತ್ತದೆ. ಮುಂದೆ 2006ರಲ್ಲಿ ಫೈರ್‌ಫಾಕ್ಸ್ 2 ಬಂದಾಗ, ಅಂತರಜಾಲದಲ್ಲಿ ನೋಡುತ್ತಿದ್ದ ಪುಟಗಳನ್ನೂ ಹೀಗೆಯೇ ಮರಳಿ ತೆರೆಯಲೇ ಎಂದು ಕೇಳತೊಡಗಿತು. ಅಂಥ ಪ್ರಶ್ನೆ ಬಂದಾಗ ಅವಸರ ಮಾಡಬೇಡಿ. ಮೊದಲು ತೆರೆದು ನೋಡಿ, ಬೇರೆ ಹೆಸರಿನಲ್ಲಿ ಉಳಿಸಿ, ಆಮೇಲೆ ಉತ್ತರ ಕೊಡಿ.

ನಾನು ಅಳುವುದೊಂದೇ ಬಾಕಿ. ಅತ್ತೆ ಗದರಲಿಲ್ಲ. ನಾಲ್ಕು ದಿನ ಬಿಟ್ಟು ತಾವೇ ಬಂದು ಕುಳಿತರು. "ಬರಿ. ಮತ್ತ ಹೇಳ್ತೀನಿ."

ಎರಡನೆಯ ಸಲ ಹೇಳಿದ್ದು ಮೊದಲಿನಂತಿರಲಿಲ್ಲ. ಮೊದಲ ಸಲದ ಕತೆಯಲ್ಲಿ ಅಕ್ಷರ ಕಲಿತವರು ಅವರ ಅಣ್ಣಂದಿರು. ಈಗ ಅವರೇ ಕಾಣಿಸಿಕೊಂಡರು. ಅಣ್ಣಂದಿರು ರಾತ್ರಿ ಗಟ್ಟಿಯಾಗಿ ಓದುವುದನ್ನು ಕೇಳಿ, ಬೆಳಗ್ಗೆ ಒಲೆಯ ಮುಂದೆ ಬೂದಿ ಹರವಿ ಬೆರಳಿನಿಂದ ಬರೆಯುತ್ತಿದ್ದರಂತೆ. ಹೆಣ್ಣುಮಗಳಿಗೆ ಯಾಕೆ ಎಂದು ಅಪ್ಪ ಗದರಬಾರದೆಂದು ಅವ್ವ ಅವರ ಹೆಜ್ಜೆಯ ಸಪ್ಪಳ ಕೇಳಿದೊಡನೆ ಬೂದಿ ಸರಿಸಿಬಿಡುತ್ತಿದ್ದರಂತೆ. "ದಿನಾ ಅಳಸ್ತಿದ್ಲು. ದಿನಾ ಮೊದಲಿಂದ ಬರೀತಿದ್ದೆ. ಅದಕ್ಕೇ ಮರೀಲಿಲ್ಲ ನೋಡು," ಎಂದರು. ಉರ್ದುವಿನ ಮೇಲೆ ಅವರಿಗೆ ಮುನಿಸಿರಲಿಲ್ಲ. ಅವರ ಮಾತಿನಲ್ಲಿ ಅದರ ಸೊಗಸೂ ಬೆರೆತಿತ್ತು. ಅಪ್ಪನ ಹೊಲದ ಕಾಗದ ಉರ್ದುವಿನಲ್ಲಿದ್ದವು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಸೇರಿದವು. ಜಿಲ್ಲೆಯೊಳಗೇ ಇದ್ದ ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ಔರಾದದ ಮನೆಗೆ ಕಾಗದಗಳು ಕನ್ನಡದಲ್ಲಿ ಬರತೊಡಗಿದಾಗ, ಆ ಮನೆಯ ಹೆಂಗಸರಲ್ಲಿ ಅವನ್ನು ಓದಬಲ್ಲವರು ಬೂದಿಯಲ್ಲಿ ಬರೆದು ಕಲಿತ ಇವರೊಬ್ಬರೇ. ಹಳೆಯ ಕಾಗದ ಎಸೆಯಲು ಮಾತ್ರ ಅವರು ಬಿಡಲಿಲ್ಲವಂತೆ. ಈ ಯಾವುದೂ ನಾನು ಕಳೆದುಕೊಂಡ ಹನ್ನೊಂದು ಪುಟದಲ್ಲಿ ಇರಲಿಲ್ಲ.

ಅತ್ತೆ 2011ರಲ್ಲಿ ತೀರಿಕೊಂಡರು. ಐದು ವರ್ಷದ ಮೇಲೆ ಹೊಸ ಗಣಕದಲ್ಲಿ ಆ ಕಡತ ತೆರೆದೆ. ಎದೆ ಧಸಕ್ಕೆಂದಿತು. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಚುಕ್ಕಿ ಗೆರೆಗಳು. 'ಕನ್ನಡ' ಎಂದು ಬರೆದ ಕಡೆ ಪಿ, ಪೌಂಡ್ ಹಣದ ಗುರುತು, ಕ್ಯೂ. ಈ ಸಲ ಏನನ್ನೂ ಬೇಡ ಎನ್ನಲಿಲ್ಲ. ಆ ಭಾಲ್ಕಿಯ ಹುಡುಗನಿಗೇ ಫೋನು ಮಾಡಿದೆ. ಹಳೆಯ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದವಂತೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಹೊರಗಿನ ಇಂಗ್ಲಿಷ್ ಮಾತ್ರ ಕಾಣುತ್ತದೆ. 1991ರ ಯುನಿಕೋಡ್ ಕನ್ನಡಕ್ಕೆ ತನ್ನದೇ ಜಾಗ ಕೊಟ್ಟಿದ್ದರೂ ಅದು ನಮ್ಮಂಥವರ ಬೆರಳಿಗೆ ಇಳಿಯಲು ಬಹಳ ವರ್ಷ ಹಿಡಿಯಿತು. "ಒಳಗ ಕನ್ನಡ ಹಂಗೇ ಅದ ಅಕ್ಕಾ, ಹೊರಗಿನ ಬೋರ್ಡ್ ಅಷ್ಟೇ ಬ್ಯಾರೆ," ಎಂದ.

ಹಳೆಯ ಫಾಂಟ್ ಹಾಕಿದೊಡನೆ ಅತ್ತೆಯ ಮಾತು ಹೊರಗೆ ಬಂತು. ಅಂದೇ ಯುನಿಕೋಡಿಗೆ ಬದಲಿಸಿ, ಮೂರು ಕಡೆ ಉಳಿಸಿ, ಕಾಗದದ ಮೇಲೂ ತೆಗೆದೆ. ಈಗ ಅದು ಔರಾದದಿಂದ ತಂದ ಉರ್ದು ಕಾಗದಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿದೆ.