ಕಳಚಿ ತೆಗೆಯುವ ಸ್ಟೀರಿಂಗ್: ಕ್ವಿಕ್ ರಿಲೀಸ್ ಹಬ್ ಯಾರಿಗೆ ಬೇಕು, ಆರಿಸುವುದು ಹೇಗೆ?

ಫಾರ್ಮುಲಾ 1 ರೇಸ್ ಮುಗಿದ ಮೇಲೆ ಚಾಲಕರು ಮೊದಲು ಸ್ಟೀರಿಂಗ್ ವೀಲನ್ನೇ ಕಳಚಿ ಪಕ್ಕಕ್ಕಿಟ್ಟು, ಆಮೇಲೆ ಕಾರಿನಿಂದ ಇಳಿಯುವುದನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ಹೀಗೆ ಒಂದೇ ಕ್ಷಣದಲ್ಲಿ ಸ್ಟೀರಿಂಗ್ ಬಿಡಿಸಲು ನೆರವಾಗುವ ಭಾಗವೇ ಕ್ವಿಕ್ ರಿಲೀಸ್ ಹಬ್. ಈಗ ಇದು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಓಡಾಡುವ ಕಾರಿಗೂ ಇದನ್ನು ಹಾಕಿಸುವ ಆಸೆ ಹಲವರಿಗಿದೆ. ಹಾಕಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ನೋಡೋಣ.

ಇದು ಹುಟ್ಟಿದ್ದೇಕೆ?

ರೇಸ್ ಕಾರಿನ ಸೀಟು ಹಿಂದೆ ಮುಂದೆ ಸರಿಯುವುದಿಲ್ಲ. ಸ್ಟೀರಿಂಗ್ ಎದೆಗೆ ತೀರಾ ಹತ್ತಿರ ಇರುತ್ತದೆ, ಸುತ್ತಲೂ ರೋಲ್ ಕೇಜ್‌ನ ಉಕ್ಕಿನ ಕೊಳವೆಗಳಿರುತ್ತವೆ. ಬೆಂಕಿ ಹೊತ್ತಿಕೊಂಡರೆ ಸ್ಟೀರಿಂಗ್ ತೆಗೆಯದೆ ಹೊರಬರುವುದು ಕಷ್ಟ. ಫಾರ್ಮುಲಾ 1 ನಿಯಮದ ಪ್ರಕಾರ ಚಾಲಕ ಬೆಲ್ಟ್ ಬಿಚ್ಚಿ, ಸ್ಟೀರಿಂಗ್ ತೆಗೆದು 7 ಸೆಕೆಂಡುಗಳಲ್ಲಿ ಹೊರಬರಬೇಕು. ಒಟ್ಟು 12 ಸೆಕೆಂಡುಗಳೊಳಗೆ ಸ್ಟೀರಿಂಗನ್ನು ಮತ್ತೆ ಅದರ ಜಾಗಕ್ಕೆ ಹಾಕಿರಬೇಕು. ತಲೆಯ ಮೇಲಿನ ಹೇಲೋ ಚೌಕಟ್ಟು ಬರುವ ಮೊದಲು ಈ ಮಿತಿ 5 ಮತ್ತು 10 ಸೆಕೆಂಡು ಇತ್ತು.

ಅಂದರೆ ಇದು ಜೀವ ಉಳಿಸುವ ಸಾಧನ. ಇದರಿಂದ ಕಾರಿನ ವೇಗವಾಗಲಿ, ತಿರುವಿನಲ್ಲಿನ ಹಿಡಿತವಾಗಲಿ ಹೆಚ್ಚುವುದಿಲ್ಲ.

ಕೆಲಸ ಮಾಡುವುದು ಹೇಗೆ?

ಹಬ್‌ನಲ್ಲಿ ಎರಡು ಭಾಗಗಳಿವೆ. ಒಂದು ಸ್ಟೀರಿಂಗ್ ಕಂಬಕ್ಕೆ, ಇನ್ನೊಂದು ಸ್ಟೀರಿಂಗ್ ವೀಲಿಗೆ ಜೋಡಣೆಯಾಗಿರುತ್ತದೆ. ಎರಡರ ನಡುವೆ ಗೇರಿನ ಹಲ್ಲುಗಳಂಥ ಗೀರುಗಳಿದ್ದು, ಒಂದರೊಳಗೊಂದು ಕೂರುತ್ತವೆ. ನೀವು ತಿರುಗಿಸುವ ಬಲವನ್ನು ಹೊರುವುದು ಈ ಹಲ್ಲುಗಳು. ಸ್ಟೀರಿಂಗ್ ಕೈಗೆ ಕಿತ್ತು ಬರದಂತೆ ತಡೆಯುವುದು ಉಕ್ಕಿನ ಚಿಕ್ಕ ಗುಂಡುಗಳು ಅಥವಾ ಪಿನ್ನುಗಳು. ಹೊರಗಿನ ಬಳೆಯನ್ನು ಎಳೆದಾಗ ಗುಂಡುಗಳಿಗೆ ಸರಿಯಲು ಜಾಗ ಸಿಕ್ಕಿ ಸ್ಟೀರಿಂಗ್ ಬಿಡಿಸಿಕೊಳ್ಳುತ್ತದೆ. ಬಿಟ್ಟಾಗ ಸ್ಪ್ರಿಂಗ್ ಬಳೆಯನ್ನು ಮತ್ತೆ ಹಿಂದಕ್ಕೆ ತಳ್ಳಿ ಲಾಕ್ ಮಾಡುತ್ತದೆ.

ಏರ್‌ಬ್ಯಾಗ್ ಏನಾಗುತ್ತದೆ?

ಬಹಳ ಮಂದಿ ಕೇಳದೆ ಬಿಡುವ ಪ್ರಶ್ನೆ ಇದು. ಈ ಹಬ್ ಹಾಕಲು ಕಂಪನಿಯ ಸ್ಟೀರಿಂಗ್ ವೀಲನ್ನು ತೆಗೆಯಬೇಕು. ಅದರ ಜೊತೆ ಚಾಲಕನ ಏರ್‌ಬ್ಯಾಗ್ ಕೂಡ ಹೋಗುತ್ತದೆ. ಡಿಕ್ಕಿಯಾದಾಗ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ತಲೆ ಮತ್ತು ಎದೆಯನ್ನು ಕಾಯುವ ಚೀಲ ಅದು. ಅದರ ಜಾಗದಲ್ಲಿ ಈಗ ಲೋಹದ ಹಬ್ ಇರುತ್ತದೆ.

ಕೆಲವು ಅಂಗಡಿಗಳಲ್ಲಿ ಒಂದು ರೆಸಿಸ್ಟರ್ ಜೋಡಿಸಿ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪವನ್ನು ಆರಿಸಿಬಿಡುತ್ತಾರೆ. ದೀಪ ಆರಿದ್ದರಿಂದ ಏರ್‌ಬ್ಯಾಗ್ ವಾಪಸ್ ಬರುವುದಿಲ್ಲ. ಕಾರು ನಿಮಗೆ ಸುಳ್ಳು ಹೇಳುತ್ತದೆ, ಅಷ್ಟೆ. ಮುಂದೆ ಆ ಕಾರನ್ನು ಕೊಂಡವರಿಗೂ ಅದೇ ಸುಳ್ಳು ದಾಟುತ್ತದೆ.

ರೇಸ್ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲದಿದ್ದರೂ ನಡೆಯುತ್ತದಲ್ಲ ಎನ್ನಬಹುದು. ಅಲ್ಲಿ ಹೆಲ್ಮೆಟ್, ಕುತ್ತಿಗೆ ಕಾಯುವ ಸಾಧನ, ಐದಾರು ಪಟ್ಟಿಗಳ ಬೆಲ್ಟ್, ಬಿಗಿಯಾದ ಸೀಟು ಎಲ್ಲವೂ ಸೇರಿ ಆ ಕೆಲಸ ಮಾಡುತ್ತವೆ. ಸಾಮಾನ್ಯ ಬೆಲ್ಟ್ ಹಾಕಿಕೊಂಡು ಆಫೀಸಿಗೆ ಹೋಗುವವರಿಗೆ ಇವು ಯಾವುದೂ ಇರುವುದಿಲ್ಲ.

ಕಾನೂನು ಏನನ್ನುತ್ತದೆ?

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಕಳ್ಳರನ್ನು ತಡೆಯುತ್ತದೆಯೇ?

ಸ್ವಲ್ಪ ಮಟ್ಟಿಗೆ ಮಾತ್ರ. ಸ್ಟೀರಿಂಗ್ ಇಲ್ಲದ ಕಾರನ್ನು ನೋಡಿ ಅವಸರದ ಕಳ್ಳ ಮುಂದಕ್ಕೆ ಹೋಗಬಹುದು. ಆದರೆ ಅದೇ ಅಳತೆಯ ಇನ್ನೊಂದು ವೀಲ್ ತಂದವನಿಗೆ, ಅಥವಾ ಕಾರನ್ನು ಎಳೆದೊಯ್ಯಲು ಬಂದವನಿಗೆ ಇದು ಅಡ್ಡಿಯಲ್ಲ. ಕಳ್ಳತನದ ಭಯಕ್ಕೆ ಸ್ಟೀರಿಂಗ್ ಲಾಕ್ ಸರಳು, ಇಮ್ಮೊಬಿಲೈಸರ್, ಜಿಪಿಎಸ್ ಸಾಕು. ಏರ್‌ಬ್ಯಾಗ್ ಕಳೆದುಕೊಳ್ಳುವ ಅಗತ್ಯವಿಲ್ಲ.

ನಿಜಕ್ಕೂ ಬೇಕಿದ್ದರೆ ಆರಿಸುವುದು ಹೇಗೆ?

ರ‍್ಯಾಲಿ, ಆಟೋಕ್ರಾಸ್ ಅಥವಾ ಟ್ರ್ಯಾಕ್‌ಗೆಂದೇ ಸಿದ್ಧಪಡಿಸಿದ ಕಾರಿಗೆ ಈ ಹಬ್ ಬೇಕಾಗಬಹುದು. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳಲ್ಲಿ ಓಡಿದ ಹಳೆಯ ಜಿಪ್ಸಿಗಳಂಥ ವಾಹನಗಳಲ್ಲಿ ಏರ್‌ಬ್ಯಾಗ್ ಮೊದಲೇ ಇರಲಿಲ್ಲ. ಆಗ ಇವನ್ನು ಗಮನಿಸಿ:

1. ಮಾನ್ಯತೆ: ಅಮೆರಿಕದ ಎಸ್‌ಎಫ್‌ಐ ಸಂಸ್ಥೆ ಈ ಭಾಗಕ್ಕೆಂದೇ 42.1 ಎಂಬ ಮಾನದಂಡ ಇಟ್ಟಿದೆ. ಎಫ್‌ಐಎ ನಿಯಮಗಳು ಹಲವು ಬಗೆಯ ಸ್ಪರ್ಧಾ ಕಾರುಗಳಲ್ಲಿ ವೀಲಿನ ಹಿಂದೆ ಹಳದಿ ಬಣ್ಣದ ಬಳೆ ಇರಬೇಕು, ಅದನ್ನು ಕಂಬದ ನೇರಕ್ಕೆ ಎಳೆದರೆ ಸ್ಟೀರಿಂಗ್ ಬಿಡಬೇಕು ಎನ್ನುತ್ತವೆ. ಹಳದಿಯಾದ್ದರಿಂದ ರಕ್ಷಣೆಗೆ ಬಂದವರಿಗೂ ಬೇಗ ಕಾಣುತ್ತದೆ. ನಿಮ್ಮ ಸ್ಪರ್ಧೆಯ ನಿಯಮಪುಸ್ತಕ ಓದಿಯೇ ಕೊಳ್ಳಿ.

2. ಪ್ಲೇ: ಜೋಡಿಸಿದ ಮೇಲೆ ಸ್ಟೀರಿಂಗ್ ಒಂದಿಷ್ಟೂ ಅಲುಗಾಡಬಾರದು. 350 ಮಿಲಿಮೀಟರ್ ಅಗಲದ ವೀಲಿನಲ್ಲಿ ಒಂದು ಡಿಗ್ರಿ ಪ್ಲೇ ಎಂದರೆ ಅಂಚಿನಲ್ಲಿ ಸುಮಾರು 3 ಮಿಲಿಮೀಟರ್. ಅಷ್ಟಕ್ಕೆ ಕಾರು ದಿಕ್ಕು ತಪ್ಪುವುದಿಲ್ಲ. ಆದರೆ ಲೋಹಕ್ಕೆ ಲೋಹ ಬಡಿದು ಹಲ್ಲುಗಳು ಸವೆಯುತ್ತಿವೆ ಎಂಬುದರ ಸೂಚನೆ ಅದು. ಬರಬರುತ್ತಾ ಹೆಚ್ಚುತ್ತದೆ.

3. ಒಂದೇ ದಿಕ್ಕು: ವೀಲ್ ಒಂದೇ ಸ್ಥಾನದಲ್ಲಿ ಕೂರುವಂತೆ ಒಂದು ಹಲ್ಲು ಅಥವಾ ಗೀರು ಬೇರೆ ಅಳತೆಯಲ್ಲಿರಬೇಕು. ಇಲ್ಲದಿದ್ದರೆ ಅವಸರದಲ್ಲಿ ಸ್ಟೀರಿಂಗ್ ಓರೆಯಾಗಿ ಕೂರಬಹುದು.

4. ಬೋಲ್ಟ್ ಅಳತೆ: ಮೋಮೋ, ಸ್ಪಾರ್ಕೋ, ಓಎಂಪಿ ವೀಲ್‌ಗಳಲ್ಲಿ ಸಾಮಾನ್ಯವಾಗಿ ಆರು ಬೋಲ್ಟುಗಳು 70 ಮಿಲಿಮೀಟರ್ ವೃತ್ತದ ಮೇಲಿರುತ್ತವೆ, ನಾರ್ಡಿಯಲ್ಲಿ 74. ತೂತುಗಳನ್ನು ಕೊರೆದು ಹೊಂದಿಸಲು ಹೋಗಬೇಡಿ.

5. ದೂರ: ಕಾರಿನ ಮಾದರಿಗೆ ತಕ್ಕ ಬಾಸ್ ಕಿಟ್, ಅದರ ಮೇಲೆ ಹಬ್ ಸೇರಿದರೆ ಸ್ಟೀರಿಂಗ್ ಕೆಲವು ಸೆಂಟಿಮೀಟರ್ ಎದೆಯತ್ತ ಬರುತ್ತದೆ. ಗಿಡ್ಡ ಬಾಸ್ ಕಿಟ್ ಆರಿಸಿ, ಸೀಟಿನಲ್ಲಿ ಕೂತು ಅಳೆದು ನೋಡಿ.

6. ತಂತಿಗಳು: ಹಾರ್ನ್ ಕೆಲಸ ಮಾಡಬೇಕು. ಹಲವು ಕಾರುಗಳಲ್ಲಿ ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ತಿಳಿಸುವ ಸೆನ್ಸರ್ ಅಲ್ಲೇ ಇರುತ್ತದೆ. ಅದು ಕೆಟ್ಟರೆ ಕಾರು ಜಾರದಂತೆ ತಡೆಯುವ ವ್ಯವಸ್ಥೆಯೂ ಕೆಡುತ್ತದೆ.

ಕಂಪನಿಯ ಏರ್‌ಬ್ಯಾಗ್ ಇರುವ ವೀಲನ್ನು ಮನೆಯಲ್ಲಿ ಬಿಚ್ಚಬೇಡಿ. ಅದರಲ್ಲಿ ಸಿಡಿಯುವ ರಾಸಾಯನಿಕ ಇರುತ್ತದೆ. ಬ್ಯಾಟರಿ ಸಂಪರ್ಕ ತೆಗೆದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರಬಹುದು. ತರಬೇತಿ ಪಡೆದ ಮೆಕ್ಯಾನಿಕ್‌ಗೆ ಬಿಡಿ.

ಹಬ್ ಹಾಕಿದ ಮೇಲೆ ಒಂದು ಅಭ್ಯಾಸ ತಪ್ಪಬಾರದು. ಪ್ರತಿ ಸಲ ಸ್ಟೀರಿಂಗ್ ಕೂರಿಸಿದಾಗ ‘ಟಕ್’ ಎಂಬ ಸದ್ದು ಕೇಳಿ, ಎಂಜಿನ್ ಚಾಲೂ ಮಾಡುವ ಮೊದಲೇ ಎರಡೂ ಕೈಯಿಂದ ಬಲವಾಗಿ ನಿಮ್ಮತ್ತ ಎಳೆದು ನೋಡಿ. ಬಳೆಯೊಳಗೆ ಧೂಳು, ಕೆಸರು ಸೇರದಂತೆ ಒರೆಸುತ್ತಿರಿ. ಬಿಗಿಯಾಗಿ ಕೂತ ಒಳ್ಳೆಯ ಹಬ್ ಓಡುವಾಗ ತಾನಾಗಿ ಕಳಚುವುದಿಲ್ಲ. ಅರ್ಧ ಕೂತದ್ದು ಯಾವಾಗ ಬೇಕಾದರೂ ಕೈಗೆ ಬರಬಹುದು.

ದಿನವೂ ರಸ್ತೆಗಿಳಿಯುವ ಕಾರು ನಿಮ್ಮದಾದರೆ ನಾವು ಹೇಳುವುದು ಇಷ್ಟೆ: ಕಂಪನಿ ಕೊಟ್ಟ ಸ್ಟೀರಿಂಗ್ ಹಾಗೇ ಇರಲಿ, ಏರ್‌ಬ್ಯಾಗ್ ಸಮೇತ.